ಸಹಾಯ ಬೇಕು: ಒಂದೇ ಮಗು, ಮನೆಯಲ್ಲಿ ಮೂರು ಥರದ ಕಾನೂನು

ಎಲ್ಲರಿಗೂ ನಮಸ್ಕಾರ. ಮಗನಿಗೆ 8 ವರ್ಷ. ನಾನು ಸ್ವಲ್ಪ ಸ್ಟ್ರಿಕ್ಟ್. ನಮ್ಮನೆಯವರು ಪೂರ್ತಿ ಉಲ್ಟಾ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಅತ್ತೆಯವರಂತೂ ನಾನು ಗದರಿದ ತಕ್ಷಣ ಅವನ ಕೈಗೆ ಕೊಬ್ಬರಿ ಮಿಠಾಯಿ ಇಡುತ್ತಾರೆ. (ಮಿಠಾಯಿ ಚೆನ್ನಾಗೇ ಇರುತ್ತೆ, ಅದು ಬೇರೆ ಮಾತು.)

ಕಳೆದ ತಿಂಗಳು ಗಣಿತದ ಟೆಸ್ಟ್ ಪೇಪರ್ ಹಾಸಿಗೆ ಕೆಳಗೆ ಸಿಕ್ಕಿತು. 25ಕ್ಕೆ 9. ಅಪ್ಪನ ಸಹಿ ಆಗಿತ್ತು. ಅಮ್ಮನಿಗೆ ಹೇಳೋದು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದರಂತೆ. ಅಂಕಕ್ಕಿಂತ ಇದೇ ಜಾಸ್ತಿ ನೋವಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲೇ ಹೇಳಿದ್ದನ್ನು ಓದಿದೆ. ಬರೀ ಬಿಗಿಯೂ ಬೇಡ, ಬರೀ ಸಡಿಲವೂ ಬೇಡ. ನಿಯಮ ಇರಲಿ, ಕಾರಣ ಹೇಳಿ, ಮಗುವಿನ ಮಾತೂ ಕೇಳಿ ಅಂತ. ಸರಿ, ಹದಿನೈದು ದಿನ ಕೂಗಾಡಲಿಲ್ಲ. ಟಿವಿ ಅರ್ಧ ಗಂಟೆ ಅಂತ ಅವನ ಜೊತೆ ಕೂತೇ ತೀರ್ಮಾನ ಮಾಡಿದೆ. ಆದರೂ ನಾನು ಸಾಕು ಅಂದರೆ "ಅಪ್ಪನ್ನ ಕೇಳ್ತೀನಿ" ಅಂತ ಓಡುತ್ತಾನೆ.

ನನ್ನ ಗೊಂದಲ ಇಲ್ಲೇ. ನಾನೊಬ್ಬಳೇ ಬದಲಾದರೆ ಸಾಕಾ, ಇಲ್ಲ ಮೊದಲು ದೊಡ್ಡವರು ಮೂವರೂ ಒಂದೇ ನಿಯಮಕ್ಕೆ ಬರಬೇಕಾ? ಇದನ್ನು ದಾಟಿ ಬಂದವರು, ಅತ್ತೆಗೆ ಬೇಜಾರಾಗದ ಹಾಗೆ ಈ ಮಾತು ಹೇಗೆ ಶುರು ಮಾಡಿದಿರಿ?