ಪ್ಲಾಸ್ಮಾ ಕಾಯಿಸಿದರೂ ಫ್ರೀ ಈಸ್ಟ್ರೋಜನ್ ಏರುತ್ತಿಲ್ಲ, ತಲೆ ಕೆಟ್ಟಿದೆ

ಕೊಣಾಜೆ_ಪಿಪೆಟ್:
ಮೂರು ವಾರ ಆಯ್ತು ಮಾರಾಯ್ರೆ. ಪ್ಲಾಸ್ಮಾಗೆ ಈಸ್ಟ್ರೋಜನ್ ಹಾಕಿ 37 ಡಿಗ್ರಿಯಲ್ಲಿ ಡಯಾಲಿಸಿಸ್ (ಪ್ರೊಟೀನನ್ನು ತಡೆದು ಫ್ರೀ ಹಾರ್ಮೋನನ್ನು ಮಾತ್ರ ದಾಟಿಸುವ ಪೊರೆ) ಇಡುತ್ತಿದ್ದೇನೆ. ಒಂದು ಪಾಲು ಹಾಗೇ. ಇನ್ನೊಂದು ಪಾಲನ್ನು ಮೊದಲೇ 60 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಸ್‌ಎಚ್‌ಬಿಜಿ (ರಕ್ತದಲ್ಲಿ ಸೆಕ್ಸ್ ಹಾರ್ಮೋನ್ ಹಿಡಿದುಕೊಳ್ಳುವ ಪ್ರೊಟೀನ್) ಕೆಡಿಸಿದ್ದು. ಕಾಯಿಸಿದ್ದರಲ್ಲಿ ಫ್ರೀ ಭಾಗ, ಅಂದರೆ ಯಾವ ಪ್ರೊಟೀನಿಗೂ ಅಂಟದೆ ಇರುವುದು, ಜಾಸ್ತಿ ಬರಬೇಕು ಅಲ್ವಾ? ಎರಡರಲ್ಲೂ ಒಂದೇ! ಗರ್ಭಿಣಿಯರ ಪ್ಲಾಸ್ಮಾದಲ್ಲೂ ಅದೇ ಕತೆ. ಸೋಮವಾರ ಗೈಡ್‌ಗೆ ಗ್ರಾಫ್ ತೋರಿಸಬೇಕು. ಎಲ್ಲ ಸರಿಯಾಗೇ ಮಾಡಿದ್ದೇನೆ, ಸುಮ್ನೆ "ಮತ್ತೆ ಮಾಡಿ ನೋಡಿ" ಅನ್ನಬೇಡಿ.

ಉಡುಪಿ_ಬಫರ್:
ವಾಟರ್ ಬಾತ್ (ಟ್ಯೂಬ್ ಕಾಯಿಸುವ ಬಿಸಿನೀರಿನ ತೊಟ್ಟಿ) ನಂಬಬೇಡಿ. ತೋರಿಸುವುದು 60, ಒಳಗೆ 52 ಇರುತ್ತದೆ. ಥರ್ಮಾಮೀಟರ್ ಇಳಿಸಿ ನೋಡಿದ್ರಾ?

ಕೊಣಾಜೆ_ಪಿಪೆಟ್:
ನೋಡಿದೆ. 60 ಉಂಟು.

ಉಡುಪಿ_ಬಫರ್:
ನೀರಿನದ್ದಾ, ಟ್ಯೂಬ್ ಒಳಗಿನದ್ದಾ? ಈ ಮಳೆಗೆ ಕರೆಂಟ್ ಹೋಗಿ ಬಂದಿರಲೂಬಹುದು. ನನ್ನ ಪ್ರಕಾರ ಬಾತೇ.

ಹಳೇ_ಸೆಂಟ್ರಿಫ್ಯೂಜ್:
ಬಾತ್ ಬಿಡಿ. ರಕ್ತ ತೆಗೆದದ್ದು ನೇರಳೆ ಮುಚ್ಚಳದ ಟ್ಯೂಬಿಗಾ? ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿರುತ್ತಾರೆ. ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಎಸ್‌ಎಚ್‌ಬಿಜಿಯಲ್ಲಿ ಕ್ಯಾಲ್ಸಿಯಂ ಕೂರುವ ಜಾಗ ಉಂಟು, ಅದು ಖಾಲಿಯಾದರೆ ಹಿಡಿತ ಕೆಡಬಹುದು.

ಉಡುಪಿ_ಬಫರ್:
ಶುರುವಾಯ್ತು ಇಡಿಟಿಎ ಪುರಾಣ.

ಹಳೇ_ಸೆಂಟ್ರಿಫ್ಯೂಜ್:
ಪುರಾಣವೋ ಏನೋ, ನನ್ನ 26 ವರ್ಷದ ಮೆಷಿನ್ ಇವತ್ತಿಗೂ ಓಡುತ್ತದೆ. ನಿಮ್ಮ ಹೊಸದು ಎರಡು ಸಲ ರಿಪೇರಿಗೆ ಹೋಯ್ತಲ್ಲ?

ಕೊಣಾಜೆ_ಪಿಪೆಟ್:
ಹಸಿರು ಮುಚ್ಚಳ, ಹೆಪಾರಿನ್. ಜಗಳ ಆಮೇಲೆ ಆಡಿ ಪ್ಲೀಸ್.

ಬಂಗುಡೆ_ಬಯೋಕೆಮ್:
ಈಸ್ಟ್ರೋಜನ್ ಅಂದರೆ ಯಾವುದು? ಬಾಟಲಿ ಮೇಲೆ ಇದ್ದದ್ದನ್ನು ಹಾಗೇ ಬರೆಯಿರಿ.

ಕೊಣಾಜೆ_ಪಿಪೆಟ್:
ಮಾಮೂಲಿ ಈಸ್ಟ್ರಡಯಾಲ್ ಮೇಡಂ. ಸೀನಿಯರ್ ಬಿಟ್ಟುಹೋದ ಬಾಟಲಿ. ಇರಿ, ನೋಡುತ್ತೇನೆ... "ಎಥಿನೈಲ್ ಈಸ್ಟ್ರಡಯಾಲ್".

ಬಂಗುಡೆ_ಬಯೋಕೆಮ್:
ಅಲ್ಲೇ ಉಂಟು ನೋಡಿ. ಅದು ಗರ್ಭನಿರೋಧಕ ಮಾತ್ರೆಯಲ್ಲಿರುವುದು. ಎಸ್‌ಎಚ್‌ಬಿಜಿಗೆ ಅಂಟುವುದೇ ಇಲ್ಲ ಅನ್ನಿ. ಸುಮಾರು 98% ಆಲ್ಬುಮಿನ್ (ಪ್ಲಾಸ್ಮಾದ ಇನ್ನೊಂದು ಪ್ರೊಟೀನ್) ಹಿಡಿದುಕೊಂಡಿರುತ್ತದೆ. ಅದು ಕೂರದ ಕುರ್ಚಿಯನ್ನು ನೀವು ಮೂರು ವಾರ ಮುರಿದಿದ್ದೀರಿ. ಗರ್ಭಿಣಿಯರಲ್ಲಿ ಎಸ್‌ಎಚ್‌ಬಿಜಿ 5ರಿಂದ 10 ಪಟ್ಟು ಏರಿದರೂ ಇದಕ್ಕೆ ಲೆಕ್ಕವೇ ಇಲ್ಲ.

ನಮ್ಮ ಮೈಯಲ್ಲೇ ಆಗುವ 17-ಬೀಟಾ ಈಸ್ಟ್ರಡಯಾಲ್ ಬೇರೆ. ಗರ್ಭಿಣಿಯರಲ್ಲದ ಹೆಂಗಸರಲ್ಲಿ ಹೆಚ್ಚುಕಡಿಮೆ 60% ಆಲ್ಬುಮಿನ್‌ಗೆ, 38% ಎಸ್‌ಎಚ್‌ಬಿಜಿಗೆ, ಫ್ರೀ ಇರುವುದು ಬರೀ 2%. ಆಲ್ಬುಮಿನ್ ಹಿಡಿತ ಸಡಿಲ, ಆದರೆ ಸಂಖ್ಯೆಯಲ್ಲಿ ಎಸ್‌ಎಚ್‌ಬಿಜಿಯ ಹತ್ತು ಸಾವಿರ ಪಟ್ಟು ಇರುತ್ತದೆ. ಅದಕ್ಕೇ ದೊಡ್ಡ ಪಾಲು ಅದರದ್ದು. ತಮಾಷೆ ಏನು ಗೊತ್ತಾ, ಎಥಿನೈಲ್ ನುಂಗಿದರೆ ಲಿವರ್ ಎಸ್‌ಎಚ್‌ಬಿಜಿ ಜಾಸ್ತಿ ಮಾಡುತ್ತದೆ. ತಾನು ಮಾತ್ರ ಅದರ ಹತ್ತಿರ ಸುಳಿಯುವುದಿಲ್ಲ!

17-ಬೀಟಾ ತಗೊಳ್ಳಿ. ಕಾಯಿಸದ ಪ್ಲಾಸ್ಮಾದ ಒಂದು ಟ್ಯೂಬಿಗೆ ಡಿಎಚ್‌ಟಿಯನ್ನು (ಡೈಹೈಡ್ರೊಟೆಸ್ಟೋಸ್ಟೆರಾನ್, ಗಂಡು ಹಾರ್ಮೋನ್) ಧಾರಾಳವಾಗಿ ಹಾಕಿ. ಅದು ಎಸ್‌ಎಚ್‌ಬಿಜಿಗೆ ಇನ್ನೂ ಗಟ್ಟಿಯಾಗಿ ಅಂಟಿ ಈಸ್ಟ್ರಡಯಾಲನ್ನು ಹೊರಗೆ ತಳ್ಳುತ್ತದೆ. ಕಾಯಿಸಿದ ಟ್ಯೂಬಿಗೂ ಇದಕ್ಕೂ ಉತ್ತರ ಹತ್ತಿರ ಬಂದರೆ ಸರಿ.

ಕೊಣಾಜೆ_ಪಿಪೆಟ್:
ಅಯ್ಯೋ ದೇವರೇ. ಆರ್ಡರ್ ಮಾಡಿದರೆ ಸೋಮವಾರಕ್ಕೆ ಬರುವುದಿಲ್ಲ. ಮಂಗಳೂರು, ಉಡುಪಿ ಕಡೆ ಯಾರ ಹತ್ತಿರವಾದರೂ 17-ಬೀಟಾ 5 ಮಿಲಿಗ್ರಾಂ ಉಂಟಾ?

ಹಳೇ_ಸೆಂಟ್ರಿಫ್ಯೂಜ್:
ಉಂಟು. ಮಣಿಪಾಲಕ್ಕೆ ಬನ್ನಿ, ಮೆಷಿನ್ನೂ ನೋಡಿದ ಹಾಗಾಯ್ತು.

ಉಡುಪಿ_ಬಫರ್:
ಆದರೂ ಬಾತ್ ಒಮ್ಮೆ ಚೆಕ್ ಮಾಡಿ.