ಮಳೆ ಶುರುವಾದರೆ ಕೆರೆತವೂ ಶುರು: ಸಣ್ಣ ನಾಯಿ ಸಾಕಿದವರು ಅನುಭವ ಹೇಳಿ

ಮಡಿಕೇರಿಯಿಂದ ಪ್ರಶ್ನೆ:

ನಮ್ಮದು ಶಿಟ್ಜು, ಹೆಣ್ಣು, ನಾಲ್ಕು ವರ್ಷ, ಐದೂವರೆ ಕೆಜಿ. ಮೂರು ವರ್ಷದಿಂದ ಜೂನ್ ಬಂತೆಂದರೆ ಪಾದ ನೆಕ್ಕುವುದು, ಕಿವಿ ಕೊಡವುವುದು, ಹೊಟ್ಟೆ ಮೇಲೆ ಕೆಂಪು ಗುಳ್ಳೆ, ಮೈಯೆಲ್ಲ ಜಿಡ್ಡು, ಒಂಥರಾ ಕಮಟು ವಾಸನೆ. ಇಂಜೆಕ್ಷನ್ ಹಾಕಿಸಿದರೆ ಎರಡು ವಾರ ಸುಮ್ಮನಿರುತ್ತಾಳೆ, ಆಮೇಲೆ ಮತ್ತೆ ಅದೇ. ನಾಲ್ಕು ಶಾಂಪೂ ಬದಲಾಯಿಸಿದ್ದಾಯಿತು. ಅತ್ತೆ ಬೇವಿನೆಣ್ಣೆ ಹಚ್ಚು ಅನ್ನುತ್ತಾರೆ, ನಮ್ಮ ಯಜಮಾನರು ಕೂದಲು ಪೂರ್ತಿ ಬೋಳಿಸು ಅನ್ನುತ್ತಾರೆ. ಯಾರದಾದರೂ ನಾಯಿಗೆ ಪೂರ್ತಿ ವಾಸಿಯಾಗಿದೆಯಾ? ಏನು ಮಾಡಿದಿರಿ?

ಸಿದ್ದಾಪುರದ ಕಡೆಯಿಂದ:

ಅಕ್ಕಾ, ಪೂರ್ತಿ ವಾಸಿ ಆಗಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಆದರೆ ಮೂರು ವರ್ಷದಿಂದ ಕೀವು ಬಂದಿಲ್ಲ, ರಾತ್ರಿ ನಿದ್ದೆ ಮಾಡುತ್ತಾನೆ, ನಾವೂ ಮಾಡುತ್ತೇವೆ. ಅಷ್ಟಕ್ಕೇ ನಾನು ಖುಷಿ.

ನಮ್ಮದು ಲಾಸಾ ಆಪ್ಸೊ, ಏಳು ವರ್ಷ, ಆರು ಕೆಜಿ. ಮೊದಲ ಮೂರು ಮಳೆಗಾಲ ನಾನೂ ನಿಮ್ಮ ಹಾಗೆಯೇ. ಕೆರೆತ ಶುರುವಾದರೆ ಜೀಪಿಗೆ ಹಾಕಿಕೊಂಡು ಹೋಗುವುದು, ಸೂಜಿ ಹಾಕಿಸುವುದು, ಎರಡು ವಾರ ಬಿಟ್ಟು ಮತ್ತೆ ಹೋಗುವುದು. ಸೂಜಿಯಲ್ಲಿ ಏನಿದೆ ಅಂತ ಒಂದು ದಿನ ಕೇಳಿದವನಲ್ಲ. ಮೂರನೇ ವರ್ಷ ನೋಡಿದರೆ ಬಟ್ಟಲುಗಟ್ಟಲೆ ನೀರು ಕುಡಿಯುತ್ತಾನೆ, ಯಾವತ್ತೂ ಇಲ್ಲದವನು ಮನೆಯೊಳಗೇ ಉಚ್ಚೆ ಮಾಡುತ್ತಾನೆ, ಹೊಟ್ಟೆ ಗಡಿಗೆಯ ಹಾಗೆ ಜೋತಿದೆ, ಬೆನ್ನಿನ ಕೂದಲು ತೆಳ್ಳಗಾಗಿದೆ. ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆಯೇ 'ಸ್ಟೀರಾಯ್ಡ್ ಎಷ್ಟು ಸಲ ಹಾಕಿಸಿದ್ದೀರಿ?' ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ.

ಸ್ಟೀರಾಯ್ಡ್ ವಿಷ ಅಂತ ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಚರ್ಮ ಹರಿದುಕೊಳ್ಳುವಷ್ಟು ಕೆರೆಯುವ ನಾಯಿಗೆ ಅದು ಬೇಕೇ ಬೇಕಾಗುತ್ತದೆ. ಮಾತ್ರೆ ಕೊಟ್ಟಿದ್ದರೆ ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು, ಹೆದರಿ ಒಂದೇ ದಿನ ನಿಲ್ಲಿಸಲೂಬಾರದು. ಆದರೆ ಅದು ಕೆರೆತ ನಿಲ್ಲಿಸುತ್ತದೆಯೇ ಹೊರತು, ಕೆರೆತ ಯಾಕೆ ಬಂತು ಅಂತ ಹೇಳುವುದಿಲ್ಲ.

ಲೆಕ್ಕ ಇಲ್ಲ ಅಂತ ನಾಚಿಕೆಯಾಗಿ ಒಂದು ಕೆಲಸ ಮಾಡಿದೆ. ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಪುಸ್ತಕ ಇರುತ್ತದಲ್ವಾ, ದಿನಾ ಬೆಳಿಗ್ಗೆ ಎಷ್ಟು ಇಂಚು ಎಷ್ಟು ಸೆಂಟ್ ಅಂತ. ಅದರಲ್ಲೇ ಪಕ್ಕದಲ್ಲಿ ನಾಯಿಯದ್ದೂ ಬರೆಯಲು ಶುರು ಮಾಡಿದೆ. 'ಪಾದ ನೆಕ್ಕಿದ', 'ಕಿವಿ', 'ವಾಸನೆ', 'ಸ್ನಾನ', ಇಷ್ಟೇ, ಒಂದೆರಡು ಪದ. ಒಂದು ವರ್ಷ ಆದ ಮೇಲೆ ಡಾಕ್ಟರು ಪುಟ ತಿರುಗಿಸಿ ನಕ್ಕರು. ನಾನು ಜೂನ್ ಕಾಯಿಲೆ ಅಂದುಕೊಂಡಿದ್ದು ಜೂನಿನದ್ದೇ ಅಲ್ಲ! ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ಹೊತ್ತಿಗೇ ಅವನು ಪಾದ ನೆಕ್ಕುತ್ತಿದ್ದ. ಆಗ ವಾಸನೆ ಇಲ್ಲ, ಗುಳ್ಳೆ ಇಲ್ಲ, ಹಾಗಾಗಿ ನಮಗೆ ಕಂಡಿರಲೇ ಇಲ್ಲ.

ಅಂದರೆ ಎರಡು ಬೇರೆ ಬೇರೆ ವಿಷಯ. ಕೆಳಗೆ ಅಲರ್ಜಿ ಇದೆ. ಪರಾಗ, ಮನೆ ಧೂಳಿನ ಸಣ್ಣ ಹುಳ, ಬೂಷ್ಟು, ಏನೂ ಆಗಿರಬಹುದು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ಶುರುವಾಗುತ್ತದೆ, ಪಾದ, ಕಂಕುಳು, ಹೊಟ್ಟೆ, ಕಿವಿ, ಮುಖ ಇಲ್ಲೆಲ್ಲ ಕೆರೆತ. ಶಿಟ್ಜು, ಲಾಸಾ, ಪಗ್ ಇವುಗಳಿಗೆ ಇದು ಜಾಸ್ತಿ. ಅದರ ಮೇಲೆ ನಮ್ಮ ಮಳೆ ಬರುತ್ತದೆ, ಮೂರು ತಿಂಗಳು ನಾಯಿಯ ಬುಡಕೂದಲು ಒಣಗುವುದೇ ಇಲ್ಲ. ಅಷ್ಟು ಹೊತ್ತಿಗೆ ಚರ್ಮದ ಮೇಲೆ ಯೀಸ್ಟ್ ಅನ್ನೋ ಶಿಲೀಂಧ್ರ ಬೆಳೆದಿರುತ್ತದೆ, ಮಲಸೀಜಿಯಾ ಅನ್ನುತ್ತಾರೆ. ನೀವು ಹೇಳಿದ ಜಿಡ್ಡು, ಕಮಟು ವಾಸನೆ ಅದರದ್ದೇ ಇರಬಹುದು. ನಾವು ಮೇಲಿನದ್ದನ್ನು ತೊಳೆಯುತ್ತಿದ್ದೆವು, ಕೆಳಗಿನದ್ದು ಹಾಗೇ ಇತ್ತು.

ನಿಮ್ಮ ನಾಯಿಗೂ ಇದೇ ಅಂತ ನಾನು ಹೇಳಲಾರೆ. ಅದಕ್ಕೇ ಮುಂದಿನ ಸಲ ಸೂಜಿಗೆ ಮೊದಲು ಟೇಪ್ ಪರೀಕ್ಷೆ ಮಾಡಿ ಅಂತ ಕೇಳಿ. ಸೆಲ್ಲೋಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು, ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನನಗೂ ತೋರಿಸಿದರು, ಸಣ್ಣ ಸಣ್ಣ ಕಡಲೆಕಾಯಿ ಚೆಲ್ಲಿದ ಹಾಗಿತ್ತು. ಜೊತೆಗೆ ಚರ್ಮ ಸ್ವಲ್ಪ ಕೆರೆದು ಡೆಮೊಡೆಕ್ಸ್ ಹುಳ ಇದೆಯಾ ಅಂತಲೂ ನೋಡಿದರು. ಜಾಸ್ತಿ ಹೊತ್ತು ಹಿಡಿಯಲಿಲ್ಲ. ಈ ಕೆಲಸಕ್ಕೆ ನಾನು ಮೂರು ವರ್ಷ ತೆಗೆದುಕೊಂಡೆ ನೋಡಿ.

ಈಗ ಸ್ನಾನ. ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಎರಡೂ ಇರುವ ಶಾಂಪೂ, ವಾರಕ್ಕೆ ಎರಡು ಸಲ. ಬ್ರ್ಯಾಂಡ್ ಯಾವುದಾದರೂ ಇರಲಿ, ಮುಖ್ಯ ಏನೆಂದರೆ ನೊರೆ ಮೈ ಮೇಲೆ ಹತ್ತು ನಿಮಿಷ ನಿಲ್ಲಬೇಕು. ಹತ್ತು ಅಂದರೆ ಗಡಿಯಾರ ನೋಡಿ ಹತ್ತು. ನಾನು ಮೊದಲು ಒಂದೇ ನಿಮಿಷಕ್ಕೆ ನೀರು ಸುರಿದು, ಶಾಂಪೂ ಸರಿ ಇಲ್ಲ ಅಂತ ಬೈಯುತ್ತಿದ್ದೆ. ಜುಲೈ ಚಳಿಯಲ್ಲಿ ಆರು ಕೆಜಿ ನಾಯಿ ನೊರೆ ಮೆತ್ತಿಕೊಂಡು ಹತ್ತು ನಿಮಿಷ ನಿಲ್ಲುವುದಂದರೆ ಸುಮ್ನೆ ಅಲ್ಲ, ಗಡಗಡ ನಡುಗುತ್ತದೆ. ಬಚ್ಚಲಿನ ಹಂಡೆ ಒಲೆ ಉರಿಸಿ, ಕೋಣೆ ಬೆಚ್ಚಗಾದ ಮೇಲೆ ಒಳಗೆ ಕರೆದುಕೊಂಡು ಹೋಗುತ್ತೇನೆ, ಮಗಳು ಅವನಿಗೆ ಕಥೆ ಹೇಳುತ್ತಾಳೆ.

ಒಣಗಿಸುವುದು ಅರ್ಧ ಔಷಧಿ. ಟವೆಲಿನಲ್ಲಿ ಒತ್ತಿ, ಆಮೇಲೆ ಹೇರ್ ಡ್ರೈಯರ್, ಬಿಸಿ ಕಡಿಮೆ ಇಟ್ಟು, ಬೆರಳ ಸಂದು, ಕಂಕುಳು, ಬಾಲದ ಬುಡ. ಒಲೆ ಮುಂದೆ ಮಲಗಿಸಿದರೆ ಮೇಲಿನ ಕೂದಲು ಒಣಗುತ್ತದೆ, ಬುಡ ಹಸಿಯಾಗಿಯೇ ಇರುತ್ತದೆ. ಕರೆಂಟು ಇರುವ ದಿನವೇ ಸ್ನಾನ, ಇದು ನಮ್ಮ ಮನೆ ರೂಲು. ಹೊರಗೆ ಹೋಗಿ ಬಂದಾಗಲೆಲ್ಲ ಕಾಲು ಒರೆಸುತ್ತೇನೆ. ಅವನು ಮಲಗುತ್ತಿದ್ದ ಗೋಣಿಚೀಲ ಬೂಷ್ಟು ಹಿಡಿದಿತ್ತು, ಅದನ್ನು ಎಸೆದು ತೊಳೆಯಲು ಬರುವ ಬಟ್ಟೆ ಹಾಕಿದೆ.

ಯಜಮಾನರ ಮಾತು ಅರ್ಧ ಸರಿ. ಕೂದಲು ಗಿಡ್ಡಕ್ಕೆ ಕತ್ತರಿಸಿದರೆ ಸಾಕು, ಬೋಳಿಸಬೇಡಿ. ಅತ್ತೆಯವರಿಗೆ ಮೆಲ್ಲಗೆ ಹೇಳಿ, ಈ ಯೀಸ್ಟ್ ಬದುಕುವುದೇ ಜಿಡ್ಡಿನ ಮೇಲೆ, ನಾವೇ ಎಣ್ಣೆ ಬಡಿಸಿದರೆ ಹೇಗೆ? ಮೇಲಾಗಿ ಹಚ್ಚಿದ್ದನ್ನೆಲ್ಲ ಅದು ನೆಕ್ಕುತ್ತದೆ.

ಆಹಾರದ ಅಲರ್ಜಿಯೂ ನೋಡಿದೆವು. ನಾಯಿ ಈವರೆಗೆ ತಿನ್ನದ ಒಂದೇ ಮಾಂಸ, ಒಂದೇ ಗೆಡ್ಡೆ, ಕನಿಷ್ಠ ಎಂಟು ವಾರ, ಬೇರೆ ಏನೂ ಇಲ್ಲ. ಡಾಕ್ಟರು ಹಂದಿ ಕೊಟ್ಟು ನೋಡೋಣವಾ ಅಂದರು. ಡಾಕ್ಟ್ರೇ, ಇದು ಕೊಡಗಿನ ನಾಯಿ, ಹಾಲು ಬಿಟ್ಟ ಮೇಲೆ ತಿಂದಿದ್ದೇ ಅದು ಅಂದೆ. ಕೊನೆಗೆ ಮೀನು ಮತ್ತು ಗೆಣಸು. ಮೊದಲನೇ ಸಲ ಐದನೇ ವಾರದಲ್ಲಿ ಕೆಟ್ಟಿತು, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು ದಿನಾ ಬಿಸ್ಕತ್ತು ಕೊಡುತ್ತಿದ್ದರಂತೆ. ಮತ್ತೆ ಒಂದರಿಂದ ಎಣಿಸಿ ಎಂಟು ವಾರ ಮುಗಿಸಿದೆವು, ಏನೂ ವ್ಯತ್ಯಾಸ ಆಗಲಿಲ್ಲ. ಹಾಗಾಗಿ ಅವನಿಗೆ ಕೋಳಿ ವಾಪಸ್ ಸಿಕ್ಕಿತು. ಆದರೆ ಪಂದಿ ಕರಿಯ ಮಸಾಲೆ ಮಾತ್ರ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು.

ಈಗ ಕೆರೆತ ಜಾಸ್ತಿಯಾದ ತಿಂಗಳುಗಳಲ್ಲಿ ಒಕ್ಲಾಸಿಟಿನಿಬ್ ಅನ್ನೋ ಮಾತ್ರೆ ಕೊಡುತ್ತೇವೆ, ಡಾಕ್ಟರು ತೂಕ ನೋಡಿ ಬರೆದಿದ್ದು. ಒಂದು ವರ್ಷ ತುಂಬದ ಮರಿಗೆ ಕೊಡುವುದಿಲ್ಲ. ಬೆಲೆ ಕೇಳಿದರೆ ನಮಗೇ ಕೆರೆತ ಶುರುವಾಗುತ್ತದೆ, ಅದು ಬೇರೆ ಮಾತು.

ಗೋಣಿಕೊಪ್ಪದಿಂದ:

ಮೇಲಿನವರು ಹೇಳಿದ್ದು ಸರಿ, ಆದರೆ ಚಿಗಟ ಮರೆಯಬೇಡಿ. ನಮ್ಮ ಡ್ಯಾಷ್‌ಹಂಡ್ ಬಾಲದ ಬುಡ, ಸೊಂಟ ಮಾತ್ರ ಕಚ್ಚಿಕೊಳ್ಳುತ್ತಿದ್ದಳು, ಪಾದ ಮುಟ್ಟುತ್ತಿರಲಿಲ್ಲ. ಮೈ ಮೇಲೆ ಒಂದೂ ಚಿಗಟ ಕಾಣುತ್ತಿರಲಿಲ್ಲ, ಹಾಗಾಗಿ ನಾವು ಅಲರ್ಜಿ ಅಲರ್ಜಿ ಅಂತ ಆರು ತಿಂಗಳು ಓಡಾಡಿದೆವು. ಅಲರ್ಜಿಯೇ, ಆದರೆ ಚಿಗಟದ ಎಂಜಲಿಗೆ. ನಾಲ್ಕಾರು ಕಚ್ಚಿದರೂ ಸಾಕು ಅಂತಹ ನಾಯಿಗೆ. ಸಣ್ಣ ಬಾಚಣಿಗೆಯಲ್ಲಿ ಬಾಚಿ ಬಂದ ಕರಿ ಪುಡಿಯನ್ನು ಒದ್ದೆ ಬಿಳಿ ಹತ್ತಿ ಮೇಲೆ ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ನಾಯಿಯ ರಕ್ತ.

ಮನೆಯಲ್ಲಿರುವ ಎಲ್ಲ ನಾಯಿಗೂ ಬೆಕ್ಕಿಗೂ ಒಟ್ಟಿಗೆ ಔಷಧಿ ಆಗಬೇಕು, ಹಾಸಿಗೆ ಬಿಸಿ ನೀರಲ್ಲಿ ತೊಳೆಯಬೇಕು. ಗೂಡಿನೊಳಗಿನ ಮರಿ ಚಿಗಟ ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ, ಒಂದು ತಿಂಗಳು ಔಷಧಿ ಕೊಟ್ಟು ನಿಲ್ಲಿಸಿದರೆ ಪ್ರಯೋಜನ ಇಲ್ಲ. ನಾವು ಅಫಾಕ್ಸೊಲನರ್ ಮಾತ್ರೆ ತಿಂಗಳಿಗೊಂದು ಕೊಡುತ್ತೇವೆ, ಉಣ್ಣಿಗೂ ಅದೇ ಆಗುತ್ತದೆ. ನಾಯಿಗೆ ಫಿಟ್ಸ್ ಬರುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ದೊಡ್ಡ ನಾಯಿಯ ಮಾತ್ರೆ ತಂದು ಎರಡು ತುಂಡು ಮಾಡಿ ಕೊಡುವ ಉಳಿತಾಯ ಬೇಡ. ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ತಾಗಿದರೆ ಬೆಕ್ಕು ಸತ್ತೇ ಹೋಗಬಹುದು.

ಇನ್ನೊಂದು. ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಹಚ್ಚಿ ಅನ್ನುವವರು ಈಗಲೂ ಇದ್ದಾರೆ. ನಮ್ಮ ಪಕ್ಕದ ಮನೆ ಮರಿಗೆ ಹೊಗೆಸೊಪ್ಪಿನ ನೀರು ಹಾಕಿ, ಅದು ನೊರೆ ಸುರಿಸಿಕೊಂಡು ವಾಂತಿ ಮಾಡಿ ಬಿದ್ದುಕೊಂಡಿತ್ತು. ಬದುಕಿದ್ದೇ ಪುಣ್ಯ. ನಮ್ಮವಳದ್ದು ನೆಲಕ್ಕೆ ತಾಗುವ ಹೊಟ್ಟೆ, ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದ ವಾರ ಅದೂ ಕೆಂಪಾಗುತ್ತಿತ್ತು. ಈಗ ಆ ವಾರ ತೋಟಕ್ಕೆ ಬಿಡುವುದಿಲ್ಲ.

ಕುಶಾಲನಗರದಿಂದ:

ನಮ್ಮ ಪೊಮೇರಿಯನ್‌ಗೆ ದುಂಡು ದುಂಡಾಗಿ ಕೂದಲು ಉದುರಿತ್ತು. ಮೆಡಿಕಲ್ ಶಾಪಿನಿಂದ ಮನುಷ್ಯರ ಟ್ಯೂಬ್ ತಂದು ಹಚ್ಚಿದೆ, ಮೂರ್ನಾಲ್ಕು ಔಷಧಿ ಸೇರಿಸಿದ್ದು, ಸ್ಟೀರಾಯ್ಡೂ ಇರುವಂಥದ್ದು. ಎರಡು ದಿನ ಕಡಿಮೆಯಾಗಿ ಆಮೇಲೆ ದುಪ್ಪಟ್ಟಾಯಿತು. ಅಷ್ಟರಲ್ಲಿ ಮಗನ ತೋಳಿನ ಮೇಲೂ ಅದೇ ಉಂಗುರ. ಹುಳುಕಡ್ಡಿ. ನಾಯಿಗೂ ಮಗನಿಗೂ ಬೇರೆ ಬೇರೆ ಡಾಕ್ಟರು, ಒಂದೇ ಕಾಯಿಲೆ. ಮನೆಯಲ್ಲಿ ಯಾರಿಗಾದರೂ ಮೈ ಕೆರೆಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕಜ್ಜಿ ಹುಳವೂ ಮನುಷ್ಯರನ್ನು ಕೆರೆಯುವ ಹಾಗೆ ಮಾಡುತ್ತದೆ.

ಸೋಮವಾರಪೇಟೆಯಿಂದ:

ನನ್ನ ಅನುಭವ ಉಪಯೋಗಕ್ಕೆ ಬರುವಂಥದ್ದಲ್ಲ. ಆಗಸ್ಟಿನಲ್ಲಿ ಬರುವ ಕಕ್ಕಡ ಹದಿನೆಂಟರ ಹಬ್ಬಕ್ಕೆ ಪಾಯಸಕ್ಕೆ ಮಾಡಿದ ಮದ್ದು ಸೊಪ್ಪಿನ ರಸ ಉಳಿದಿತ್ತು, ನಮ್ಮ ಅಜ್ಜಿ ಒಳ್ಳೆಯದಾಗುತ್ತದೆ ಅಂತ ಬಿಳಿ ಪೊಮೇರಿಯನ್ ಮೈಗೆಲ್ಲ ಹಚ್ಚಿದರು. ಕೆರೆತ ಹೋಗಲಿಲ್ಲ. ನಾಯಿ ಮಾತ್ರ ಕೈಲ್‌ಪೊಳ್ದ್ ಹಬ್ಬ ಬರುವ ತನಕ, ಅಂದರೆ ಸುಮಾರು ಒಂದು ತಿಂಗಳು, ನೇರಳೆ ಬಣ್ಣ!

ಮಡಿಕೇರಿಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಮಳೆ ಪುಸ್ತಕ ಇಲ್ಲ, ಅದಕ್ಕೆ ಫೋನಿನಲ್ಲಿದ್ದ ಹಳೇ ಫೋಟೋ ತೆಗೆದು ನೋಡಿದೆ. ಈ ವರ್ಷ ಏಪ್ರಿಲ್ ಫೋಟೋದಲ್ಲೇ ಮುಂದಿನ ಎರಡೂ ಪಾದದ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗಿದೆ! ಮಣ್ಣು ಅಂದುಕೊಂಡಿದ್ದೆ. ನೆಕ್ಕಿ ನೆಕ್ಕಿ ಹಾಗಾಗುತ್ತದಾ? ಶನಿವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ನಾಳೆ ಚೆನ್ನಾಗಿ ಸ್ನಾನ ಮಾಡಿಸಿ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಕಿವಿಗೂ ಆ ಶಾಂಪೂ ಹಾಕಬಹುದಾ?

ಸಿದ್ದಾಪುರದ ಕಡೆಯಿಂದ:

ಹೌದು ಅಕ್ಕಾ, ಎಂಜಲಿನಿಂದ ಬಿಳಿ ಕೂದಲು ಹಾಗೆ ಕಂದಾಗುತ್ತದೆ. ಆ ಫೋಟೋ ಡಾಕ್ಟರಿಗೆ ತೋರಿಸಿ, ಹಳೇ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಕಿವಿಯೊಳಗೆ ಶಾಂಪೂ ಬೇಡವೇ ಬೇಡ, ಮನೆಯಲ್ಲಿರುವ ಹಳೇ ಡ್ರಾಪ್ಸೂ ಬೇಡ. ಒಳಗಿನ ಪರದೆ ಸರಿ ಇದೆಯಾ ಅಂತ ನೋಡಿದ ಮೇಲೆ ಅವರೇ ಕೊಡುತ್ತಾರೆ. ಮತ್ತೆ, ಶನಿವಾರದ ತನಕ ಸ್ನಾನ ಮಾಡಿಸಬೇಡಿ. ವಾಸನೆ ಬಂದರೆ ಬರಲಿ, ಕಾರಿನ ಕಿಟಕಿ ಸ್ವಲ್ಪ ತೆಗೆದಿಟ್ಟುಕೊಳ್ಳಿ. ತೊಳೆದು ಕರೆದುಕೊಂಡು ಹೋದರೆ ಟೇಪಿಗೆ ಏನೂ ಸಿಗುವುದಿಲ್ಲ.