ಹೊರರಾಜ್ಯದ ಕಾಲೇಜು ಶುಲ್ಕ ಮತ್ತು ಮೆರಿಟ್ ಸ್ಕಾಲರ್‌ಶಿಪ್‌ನ ಲೆಕ್ಕ

ಮಗಳು ಹನ್ನೊಂದನೇ ತರಗತಿಗೆ ಬಂದಿರುವುದರಿಂದ, ಅಮೆರಿಕದಲ್ಲಿ ಹೊರರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕವನ್ನು ಮೆರಿಟ್ ಸ್ಕಾಲರ್‌ಶಿಪ್‌ನಿಂದ ಎಷ್ಟರಮಟ್ಟಿಗೆ ಇಳಿಸಬಹುದು ಎಂದು ಕೇಳಿದ ಸಹೋದರಿಗೆ, ಮೂರು ವರ್ಷಗಳ ಹಿಂದೆ ಮಗನಿಗಾಗಿ ಇದೇ ಲೆಕ್ಕದಲ್ಲಿ ತಲೆಕೆಡಿಸಿಕೊಂಡವನಾಗಿ ಬರೆಯುತ್ತಿದ್ದೇನೆ. ಸ್ಕಾಲರ್‌ಶಿಪ್ ಎಷ್ಟು ದೊಡ್ಡದು ಎಂದು ನೋಡುವ ಮೊದಲು, ಅದು ಹೊರರಾಜ್ಯದ ದರವನ್ನೇ (ಆ ರಾಜ್ಯದ ನಿವಾಸಿಗಳಲ್ಲದವರಿಗೆ ಹಾಕುವ ಹೆಚ್ಚಿನ ಶುಲ್ಕವನ್ನೇ) ಇಳಿಸುತ್ತದೆಯೋ ಅಥವಾ ಆ ದರದಲ್ಲಿ ಒಂದಿಷ್ಟು ಕಳೆಯುತ್ತದೆಯೋ ಎಂದು ನೋಡಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2024-25ರಲ್ಲಿ ಹೊಸದಾಗಿ ಸೇರಿದ ಹೊರರಾಜ್ಯದವರು ಮೂಲ ಶುಲ್ಕದ ಮೇಲೆ 34,200 ಡಾಲರ್ ಹೆಚ್ಚುವರಿಯಾಗಿ ಕಟ್ಟಬೇಕಿತ್ತು. ಆ ಹೊರೆಯನ್ನು ಇಳಿಸುವಷ್ಟು ಮೆರಿಟ್ ನೆರವು ಅಲ್ಲಿ ಬಹಳ ಅಪರೂಪ. ಅಲಬಾಮಾ ವಿಶ್ವವಿದ್ಯಾಲಯವಾದರೋ, ಇಷ್ಟು ಜಿಪಿಎ (ತರಗತಿಗಳ ಸರಾಸರಿ ಅಂಕ) ಮತ್ತು ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಕ್ಕೆ ಇಷ್ಟು ಡಾಲರ್ ಎಂದು ಕೋಷ್ಟಕವನ್ನೇ ಪ್ರಕಟಿಸುವುದರಿಂದ, ಅರ್ಜಿ ಹಾಕುವ ಮೊದಲೇ ಲೆಕ್ಕ ಸಿಗುತ್ತದೆ. ಆ ಹೆಸರು ಕೇಳಿ ಮೂಗು ಮುರಿಯುವವರನ್ನು ನಮ್ಮ ಯುಗಾದಿ ಊಟದ ಪಂಕ್ತಿಯಲ್ಲೇ ಕಂಡಿದ್ದೇನೆ. ನಾನೂ ಒಮ್ಮೆ ಹಾಗೆಯೇ ಇದ್ದೆ.

ಟೆಕ್ಸಾಸಿನ ಕ್ರಮ ಬೇರೆ. ಅಲ್ಲಿನ ಕಾನೂನಿನ ಪ್ರಕಾರ, ಸರ್ಕಾರಿ ವಿಶ್ವವಿದ್ಯಾಲಯವೊಂದು ಸ್ಪರ್ಧೆಯ ಮೂಲಕ ಕೊಡುವ ಕನಿಷ್ಠ 1,000 ಡಾಲರ್‌ನ ಸ್ಕಾಲರ್‌ಶಿಪ್ ಪಡೆದ ಹೊರರಾಜ್ಯದ ವಿದ್ಯಾರ್ಥಿ, ರಾಜ್ಯದವರ ದರದಲ್ಲಿಯೇ ಶುಲ್ಕ ಕಟ್ಟಬಹುದು. ಅಂದರೆ ಸಾವಿರದ ಕಾಗದವೊಂದು ಅದರ ಹಲವು ಪಟ್ಟು ಉಳಿತಾಯವನ್ನು ಬೆನ್ನಿಗಿಟ್ಟುಕೊಂಡು ಬರುತ್ತದೆ. ಆದರೆ ಈ ರಿಯಾಯಿತಿ ಪಡೆಯುವವರ ಸಂಖ್ಯೆಗೆ ಮಿತಿಯಿದೆ. ನಮ್ಮ ಕನ್ನಡ ಕೂಟದಂತಹ ಸಂಘಗಳು ಕೊಡುವ ಬಹುಮಾನವೂ ಇದಕ್ಕೆ ಸಲ್ಲುವುದಿಲ್ಲ, ಆಯ್ಕೆಯನ್ನು ವಿಶ್ವವಿದ್ಯಾಲಯದ ಮಾನ್ಯತೆಯುಳ್ಳ ಸಮಿತಿಯೇ ಮಾಡಿರಬೇಕು. ಪಶ್ಚಿಮದ ರಾಜ್ಯಗಳಲ್ಲಿ ನೆಲೆಸಿರುವವರು ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಎಂಬ ಒಪ್ಪಂದವನ್ನೂ ಗಮನಿಸಬಹುದು. ಅದರಡಿ ಶುಲ್ಕವು ಕಾಲೇಜಿರುವ ರಾಜ್ಯದವರ ದರದ ಒಂದೂವರೆ ಪಟ್ಟು ಮೀರುವುದಿಲ್ಲ.

ನಿಗದಿತ ಮೊತ್ತದ ಸ್ಕಾಲರ್‌ಶಿಪ್‌ನಲ್ಲಿ ನಾವು ಎಡವಿದ್ದು ಎರಡನೆಯ ವರ್ಷದಲ್ಲಿ. ಉದಾಹರಣೆಗೆ, 36,000 ಡಾಲರ್ ಶುಲ್ಕದಲ್ಲಿ 20,000 ಕಳೆದರೆ ಉಳಿಯುವುದು 16,000. ಶುಲ್ಕ ವರ್ಷಕ್ಕೆ ಶೇಕಡ 4ರಂತೆ ಏರಿ ಸ್ಕಾಲರ್‌ಶಿಪ್ ಇದ್ದಲ್ಲೇ ಇದ್ದರೆ ನಾಲ್ಕನೆಯ ವರ್ಷ ನೀವು ಕಟ್ಟುವುದು ಸುಮಾರು 20,500. ಜೊತೆಗೆ ಪ್ರತಿ ವರ್ಷ ಜಿಪಿಎ ಉಳಿಸಿಕೊಳ್ಳಬೇಕೆಂಬ ಷರತ್ತು. ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಕೈಕೊಟ್ಟು ಮಗ ಆ ಗಡಿಯ ಅಂಚಿಗೆ ಬಂದಾಗ ಮನೆಯಲ್ಲಿ ನಮಗೆ ನಿದ್ದೆಯಿರಲಿಲ್ಲ. ವಸತಿ ಮತ್ತು ಊಟಕ್ಕೆ ಬಳಸಿದ ಸ್ಕಾಲರ್‌ಶಿಪ್ ಹಣವು ವಿದ್ಯಾರ್ಥಿಯ ತೆರಿಗೆಗೆ ಒಳಪಡುವ ಆದಾಯವೆಂಬುದನ್ನೂ ನಾವು ತಡವಾಗಿ ತಿಳಿದೆವು.

ಗ್ರೀನ್ ಕಾರ್ಡಿನ ಸರದಿಯಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಹನ್ನೊಂದನೇ ತರಗತಿಯ ಅಕ್ಟೋಬರಿನ ಪಿಎಸ್‌ಎಟಿಯಿಂದ (ಎಸ್‌ಎಟಿಯ ಪೂರ್ವಭಾವಿ ಪರೀಕ್ಷೆಯಿಂದ) ಆರಂಭವಾಗುವ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಸ್ಪರ್ಧೆಯಲ್ಲಿ, ಅಮೆರಿಕದಲ್ಲೇ ಹೈಸ್ಕೂಲು ಓದುತ್ತಿರುವವರು ಪೌರತ್ವವಿಲ್ಲದಿದ್ದರೂ ಭಾಗವಹಿಸಬಹುದು. ಆದರೆ ಎಚ್-4 ವೀಸಾದ (ಎಚ್-1ಬಿ ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿಗೆ ತೊಡಕಿರುವುದು ವಿಶ್ವವಿದ್ಯಾಲಯಗಳ ಸ್ವಂತ ಸ್ಕಾಲರ್‌ಶಿಪ್‌ಗಳಲ್ಲಿ. ಅವರನ್ನು ಕೆಲವೆಡೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಪಟ್ಟಿಗೆ ಸೇರಿಸುವುದುಂಟು. ಸ್ಕಾಲರ್‌ಶಿಪ್‌ಗೆ ಪರಿಗಣಿಸುವ ಗಡುವು ಎಷ್ಟೋ ಕಡೆ ನವೆಂಬರ್ ಆರಂಭದಲ್ಲೇ ಮುಗಿಯುವುದರಿಂದ, ನಿಮ್ಮ ಮಗಳ ವೀಸಾ ಯಾವುದೆಂದು ಪ್ರವೇಶ ಕಚೇರಿಗೆ ತಿಳಿಸಿ, ಆಕೆ ಯಾವ ಪಟ್ಟಿಗೆ ಸೇರುತ್ತಾಳೆ ಎಂಬುದಕ್ಕೆ ಅಲ್ಲಿಂದ ಇಮೇಲಿನಲ್ಲಿ ಉತ್ತರವನ್ನು ಈ ಬೇಸಿಗೆಯಲ್ಲೇ ಪಡೆದಿಟ್ಟುಕೊಳ್ಳಿ.